ಐಪಿ ಹಾಕಿದರೆ ಸಾಲ ಹೋಗುತ್ತದೆಯೇ? ಜಿಲ್ಲಾ ಕೋರ್ಟಿನ ದಿವಾಳಿ ಅರ್ಜಿಯ ಒಳಹೊರಗು

ಇನ್ಸಾಲ್ವೆನ್ಸಿ ಪಿಟಿಷನ್, ಜನರ ಬಾಯಲ್ಲಿ ಐಪಿ, ಸಾಲ ತೀರಿಸಲಾಗದವನು ತನ್ನನ್ನು ದಿವಾಳಿ ಎಂದು ಸಾರಿ ಸಾಲದಿಂದ ಬಿಡಿಸಿ ಎಂದು ಕೇಳುವ ಅರ್ಜಿ, ಕೋರ್ಟು ಕೊಡುವ ಒಂದು ಸೇವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸಿಗುತ್ತದೆ. ಹೋಟೆಲಿಗೆ ಅಂಕ ಕೊಡುವ ಹಾಗೆ ಇದಕ್ಕೂ ಕೊಡುವುದಾದರೆ ಎಲ್ಲರಿಗೂ ಒಂದೇ ಅಂಕ ಕೊಡಲಾಗದು. ಐದಾರು ಕಡೆ ಕೈಗಡ ಮಾಡಿ, ಕೇಸು ಡಿಕ್ರಿಯಾಗಿ, ಅಮೀನ ಮನೆ ಬಾಗಿಲಿಗೆ ಬಂದು, ಮಾರಲು ಏನೂ ಉಳಿಯದವನಿಗೆ ಐದಕ್ಕೆ ನಾಲ್ಕು. ಮನೆ, ಟ್ರ್ಯಾಕ್ಟರ್, ಬಂಗಾರ ಅಡ ಇಟ್ಟು ಸಾಲ ಎತ್ತಿದವನಿಗೆ ಐದಕ್ಕೆ ಒಂದು. ಚೆಕ್ ಬೌನ್ಸ್ ಕೇಸಿನಿಂದ ಪಾರಾಗಲು ಹಾಕುವವನಿಗೆ ಸೊನ್ನೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಹಾಕುವುದರಿಂದಲೇ ‘ಐಪಿಯಿಂದ ಏನೂ ಆಗಲ್ಲ’ ಎಂಬ ಮಾತು ಹುಟ್ಟಿದ್ದು.

ಮೊದಲು ಯಾವ ಕಾಯ್ದೆ ಎಂಬುದು ಸ್ಪಷ್ಟವಾಗಲಿ, ಮೊಬೈಲಿನಲ್ಲಿ ಸುತ್ತುವ ವಿಡಿಯೋಗಳು ಇಲ್ಲೇ ದಾರಿ ತಪ್ಪಿಸುತ್ತವೆ. 2016ರ ದಿವಾಳಿ ಸಂಹಿತೆಯಲ್ಲಿ (ಐಬಿಸಿ) ವ್ಯಕ್ತಿಗಳಿಗೆಂದೇ ಒಂದು ಭಾಗವಿದೆ. ವರ್ಷದ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ಮೀರದ, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದ ಬಡವನಿಗೆ ಸಾಲ ಅಳಿಸಿ ‘ಹೊಸ ಆರಂಭ’ ಕೊಡುವ ಏರ್ಪಾಟೂ ಅದರಲ್ಲಿದೆ. ಓದಲು ಚೆನ್ನಾಗಿದೆ, ಆದರೆ ಅದು ಜಾರಿಗೆ ಬಂದಿಲ್ಲ. ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಬರೆದುಕೊಟ್ಟವರಿಗೆ ಮಾತ್ರ. ಗಂಗಾವತಿಯ ರೈಸ್ ಮಿಲ್ ಒಂದು ಪ್ರೈವೇಟ್ ಲಿಮಿಟೆಡ್ ಆಗಿದ್ದು, ಅದರ ನಿರ್ದೇಶಕ ಬ್ಯಾಂಕಿಗೆ ಜಾಮೀನು ಹಾಕಿದ್ದರೆ ಅವನ ದಾರಿ ಬೇರೆ, ಅದು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ. ಮಿಕ್ಕ ಎಲ್ಲರಿಗೂ, ಜೀನ್ಸ್ ಹೊಲಿಯುವವರಿಂದ ಹಿಡಿದು ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವ ರೈತರವರೆಗೆ, ಈಗಲೂ ಅನ್ವಯಿಸುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರ ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ಸಿವಿಲ್ ಕೋರ್ಟಿಗೆ. ‘ಆನ್‌ಲೈನಿನಲ್ಲಿ ಐಬಿಸಿ ಅಡಿ ನಿಮ್ಮ ಸಾಲ ಮಾಫಿ ಮಾಡಿಸುತ್ತೇವೆ’ ಎಂದು ಯಾರಾದರೂ ಮುಂಗಡ ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಯಾರು ಹಾಕಬಹುದು

ಕಾಯ್ದೆಯ 10ನೇ ಕಲಮು ಕೇಳುವುದು ಎರಡೇ ಸಂಗತಿ. ಸಾಲ ತೀರಿಸುವ ಶಕ್ತಿ ಇಲ್ಲದಿರಬೇಕು. ಅದರ ಜೊತೆಗೆ ಸಾಲ 500 ರೂಪಾಯಿ ಮುಟ್ಟಿರಬೇಕು, ಅಥವಾ ಹಣದ ಡಿಕ್ರಿಯಲ್ಲಿ ಅರೆಸ್ಟ್ ಆಗಿರಬೇಕು, ಅಥವಾ ಆಸ್ತಿ ಜಪ್ತಿಗೆ ಆದೇಶವಾಗಿ ಅದು ಚಾಲ್ತಿಯಲ್ಲಿರಬೇಕು. 1920ರ 500 ರೂಪಾಯಿಗೆ ಇವತ್ತು ಎರಡು ದಿನದ ಸಂತೆಯೂ ಆಗದು. ಹಾಗಾಗಿ ಮೊತ್ತದ ಮೇಲೆ ಯಾರ ಅರ್ಜಿಯೂ ಬೀಳುವುದಿಲ್ಲ. ಬೀಳುವುದು ‘ಶಕ್ತಿ ಇಲ್ಲ’ ಎಂಬ ಮಾತಿನ ಮೇಲೆ. ನಾಲ್ಕೆಕರೆ ನೀರಾವರಿ ಹೊಲ ಹೆಸರಿನಲ್ಲಿಟ್ಟುಕೊಂಡು ಮೂರು ಲಕ್ಷದ ಸಾಲಕ್ಕೆ ಐಪಿ ಹಾಕಿದರೆ, ಸಾಲ ಕೊಟ್ಟವರ ವಕೀಲರು ಪಹಣಿ ತಂದು ಮುಂದಿಟ್ಟ ದಿನವೇ ಅರ್ಜಿಯ ಕಥೆ ಮುಗಿಯುತ್ತದೆ. ಸಾಲಗಾರನೇ ಹಾಕಿದ ಅರ್ಜಿಯಲ್ಲಿ ಮೇಲುನೋಟಕ್ಕೆ ನಂಬುವಷ್ಟು ಪುರಾವೆ ಸಾಕು ಎಂದು 24ನೇ ಕಲಮು ಹೇಳುತ್ತದೆ ನಿಜ, ಆದರೆ ಆಸ್ತಿಯ ಬೆಲೆ ಸಾಲಕ್ಕಿಂತ ಹೆಚ್ಚು ಕಾಣುತ್ತಿದ್ದರೆ ಆ ಮೇಲುನೋಟವೂ ಕೈಕೊಡುತ್ತದೆ.

ಸಾಲದ ಕೇಸೆಂದರೆ ಜೈಲು ಎಂಬ ಹೆದರಿಕೆ ಎಲ್ಲರಿಗೂ ಇದೆ, ಅದರ ಅಳತೆ ಗೊತ್ತಿರಲಿ. ಹಣದ ಡಿಕ್ರಿಯಲ್ಲಿ ಹೆಂಗಸರನ್ನು ಅರೆಸ್ಟ್ ಮಾಡುವಂತೆಯೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು ಅದನ್ನು ತಡೆಯುತ್ತದೆ. ಸಂಘದ ಸಾಲಕ್ಕೆ ‘ಪೊಲೀಸರನ್ನ ಕರೆಸ್ತೀವಿ ನೋಡಕ್ಕಾ’ ಎಂದು ವಸೂಲಿಗೆ ಬಂದವರು ಹೆದರಿಸಿದರೆ ಆ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಗಂಡಸರಿಗೂ ಡಿಕ್ರಿ 2,000 ರೂಪಾಯಿ ಮೀರದಿದ್ದರೆ ಸಿವಿಲ್ ಜೈಲಿಲ್ಲ, 5,000ದವರೆಗೆ ಆರು ವಾರ, ಅದಕ್ಕೂ ಮೇಲಿದ್ದರೆ ಮೂರು ತಿಂಗಳು, ಅದಕ್ಕಿಂತ ಹೆಚ್ಚಿಲ್ಲ. ಅದೂ ಕೊಡುವ ಶಕ್ತಿ ಇದ್ದು ಕೊಡದವನಿಗೆ. ಬಡತನವೊಂದೇ ಕಾರಣಕ್ಕೆ ಒಳಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹೀಗಾಗಿ ಜೈಲಿನ ಭಯಕ್ಕೆ ಮಾತ್ರ ಐಪಿ ಹಾಕುವ ಅಗತ್ಯ ಎಷ್ಟೋ ಸಲ ಇರುವುದೇ ಇಲ್ಲ, ಡಿಕ್ರಿ ವಸೂಲಿಗೆ ಹಾಕಿದ ಜಾರಿ ಅರ್ಜಿಯಲ್ಲಿ ಹಾಜರಾಗಿ ತನ್ನ ಸ್ಥಿತಿ ಹೇಳಿಕೊಂಡರೆ ಸಾಕಾಗುತ್ತದೆ.

ಪಟ್ಟಿಯೇ ಅರ್ಜಿ

ಅರ್ಜಿಯ ಮೊದಲ ಪುಟಗಳನ್ನು ವಕೀಲರು ಬರೆದುಕೊಳ್ಳುತ್ತಾರೆ. ನೀವು ಕೊಡಬೇಕಾದದ್ದು ಎರಡು ಪಟ್ಟಿ: ಯಾರಿಗೆ ಎಷ್ಟು ಕೊಡಬೇಕು, ನಿಮ್ಮ ಹತ್ತಿರ ಏನೇನಿದೆ. ಒಳ್ಳೆಯ ಅರ್ಜಿ, ಕೆಟ್ಟ ಅರ್ಜಿ ಬೇರೆಯಾಗುವುದು ಇಲ್ಲೇ.

ಸಾಲದ ಪಟ್ಟಿಗೆ ನೆನಪನ್ನು ನಂಬಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ಕ್ರೆಡಿಟ್ ವರದಿ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಸಿ, ಮೈಕ್ರೋಫೈನಾನ್ಸ್ ಸಾಲಗಳು ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತವೆ. ಅದರಲ್ಲಿ ಬಾರದ್ದು ಕೈಗಡ, ದಲಾಲಿ ಅಂಗಡಿಯ ಮುಂಗಡ, ಚೀಟಿ ಬಾಕಿ, ಗೊಬ್ಬರದಂಗಡಿಯ ಉದ್ದರಿ. ಇವಕ್ಕೆ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಊರು, ಓಣಿ, ಪಿನ್‌ಕೋಡ್ ಬೇಕು. ವಿಳಾಸ ಅರೆಬರೆಯಾದರೆ ನೋಟಿಸು ‘ವಿಳಾಸದಲ್ಲಿ ಇಲ್ಲ’ ಎಂದು ವಾಪಸ್ಸು ಬರುತ್ತದೆ, ಮತ್ತೆ ನೋಟಿಸಿನ ಶುಲ್ಕ (ಪ್ರೋಸೆಸ್) ಕಟ್ಟಬೇಕು, ದಿನಾಂಕ ಮುಂದೆ ಹೋಗುತ್ತದೆ. ಹದಿನೈದು ಜನ ಸಾಲ ಕೊಟ್ಟವರಿದ್ದು ಅದರಲ್ಲಿ ಇಬ್ಬರ ನೋಟಿಸು ಜಾರಿಯಾಗದಿದ್ದರೂ ಕೇಸು ನಿಂತಲ್ಲೇ ನಿಲ್ಲುತ್ತದೆ. ಸಿಂಧನೂರಿನ ಸಾಹುಕಾರ, ಆದೋನಿಯ ಹತ್ತಿ ವ್ಯಾಪಾರಿ, ಬಳ್ಳಾರಿಯ ಆ್ಯಪ್ ಕಂಪನಿಯ ಏಜೆಂಟ್ ಎಂದು ಬರೆದರೆ ನಡೆಯದು. ಆ್ಯಪ್ ಸಾಲವಾದರೆ ಆ್ಯಪಿನ ಹೆಸರಲ್ಲ, ಅದರ ಹಿಂದೆ ಸಾಲ ಕೊಟ್ಟ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ (ಬ್ಯಾಂಕಲ್ಲದ ಹಣಕಾಸು ಕಂಪನಿಯ) ಹೆಸರು ಬೇಕು. ಅದು ಸಾಲದ ಒಪ್ಪಂದದಲ್ಲಿರುತ್ತದೆ.

ಮುಜುಗರಕ್ಕೆ ಬೀಗರ ಸಾಲ ಬಿಡುವುದು, ಸಿಟ್ಟಿಗೆ ಒಬ್ಬನ ಸಾಲ ಕಡಿಮೆ ಬರೆಯುವುದು ಎರಡೂ ತಪ್ಪು. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದು ಲೆಕ್ಕಪತ್ರ ಮುಚ್ಚಿಟ್ಟರೆ, ಸುಳ್ಳು ಬರೆದರೆ 69ನೇ ಕಲಮಿನಡಿ ಒಂದು ವರ್ಷದವರೆಗೆ ಶಿಕ್ಷೆಯಿದೆ.

ಆಸ್ತಿಯ ಪಟ್ಟಿಗೆ ಭೂಮಿ ತಂತ್ರಾಂಶದ ಪಹಣಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ಋಣಭಾರ ಪ್ರಮಾಣಪತ್ರ (ಇಸಿ), ಪಂಚಾಯಿತಿ ಅಥವಾ ನಗರಸಭೆಯ ಮನೆ ಉತಾರ, ಗಾಡಿಯ ಆರ್‌ಸಿ, ಎಲ್ಲ ಪಾಸ್‌ಬುಕ್. ಪಹಣಿಯ 11ನೇ ಕಾಲಂ ನೋಡಿಕೊಳ್ಳಿ, ಸೊಸೈಟಿ ಸಾಲದ ಬೋಜಾ (ಭಾರ) ಅಲ್ಲಿ ಕೂತಿದ್ದರೆ ಆ ಸಾಲ ಭದ್ರತೆಯಿರುವ ಸಾಲದ ಪಟ್ಟಿಗೆ ಹೋಗುತ್ತದೆ. ಎಲ್ಲವನ್ನೂ ಬರೆಯಬೇಕು, ಆದರೆ ಎಲ್ಲವೂ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಮುಟ್ಟಬಾರದೆಂದು ಹೇಳಿದ್ದೆಲ್ಲ ಉಳಿಯುತ್ತದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಸಂಪ್ರದಾಯದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು, ಬದುಕು ಸಾಗಿಸಲು ಬೇಕಾದ ಎತ್ತು, ಬೀಜದ ಕಾಳು, ರೈತ ತಾನೇ ವಾಸವಿರುವ ಮನೆ, ಭವಿಷ್ಯ ನಿಧಿ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಕೈಗೆ ಬರುತ್ತದೆ. ಕಿನ್ನಾಳದಲ್ಲಿ ಗೊಂಬೆ ಮಾಡುವವರ ಉಳಿ, ಬಾಚಿ ಮುಟ್ಟುವಂತಿಲ್ಲ. ಹನ್ನೆರಡು ಯಂತ್ರ ಹಾಕಿ ಆಳು ಇಟ್ಟು ನಡೆಸುವ ಹೊಲಿಗೆ ಘಟಕವನ್ನು ಕುಶಲಕರ್ಮಿಯ ಉಪಕರಣ ಎಂದು ವಾದಿಸುವುದು ಮಾತ್ರ ಕಷ್ಟ.

ಒಂದು ಲೆಕ್ಕ ಬಿಡಿಸಿ ನೋಡೋಣ

ಅಂಥದ್ದೇ ಒಂದು ಜೀನ್ಸ್ ಘಟಕ ಬಳ್ಳಾರಿಯಲ್ಲಿದೆ ಎಂದುಕೊಳ್ಳಿ. ಕೋಆಪರೇಟಿವ್ ಬ್ಯಾಂಕಿನಲ್ಲಿ ಮನೆ ಅಡ ಇಟ್ಟ ಸಾಲ 7,00,000. ಯಂತ್ರಗಳ ಮೇಲಿನ ಸಾಲ 2,40,000. ಬಂಗಾರದ ಸಾಲ 1,10,000. ಡೆನಿಮ್ ಬಟ್ಟೆ ವ್ಯಾಪಾರಿಗೆ ಬಾಕಿ 3,80,000. ಐದು ಜನರ ಕೈಗಡ 4,50,000. ಆ್ಯಪ್ ಮತ್ತು ಕಾರ್ಡ್ ಸಾಲ 1,20,000. ಜಿಎಸ್‌ಟಿ ಬಾಕಿ 60,000. ಕೂಡಿದರೆ 20,60,000. ‘ಇಪ್ಪತ್ತು ಲಕ್ಷದ ಸಾಲ ಐಪಿಯಿಂದ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಹೀಗೆ ಬಿಡಿಸಿ.

ಮೊದಲ ಮೂರು, 10,50,000, ಅಡಮಾನದ ಸಾಲ. ದಿವಾಳಿ ಆದೇಶವಾದರೂ ಅಡ ಇಟ್ಟ ಆಸ್ತಿಯನ್ನು ಮಾರಿಕೊಳ್ಳುವ ಹಕ್ಕು ಬ್ಯಾಂಕಿಗೆ ಹಾಗೇ ಇರುತ್ತದೆ, 28ನೇ ಕಲಮಿನ 6ನೇ ಉಪಕಲಮು ಇದನ್ನು ನೇರವಾಗಿ ಹೇಳುತ್ತದೆ. ಮಾರಿದ ಮೇಲೆ ಕಡಿಮೆ ಬಿದ್ದ ಮೊತ್ತಕ್ಕೆ ಮಾತ್ರ ಬ್ಯಾಂಕು ಮಿಕ್ಕವರ ಸಾಲಿನಲ್ಲಿ ಬಂದು ನಿಲ್ಲಬೇಕು. ಜಿಎಸ್‌ಟಿ ಸರ್ಕಾರದ ಬಾಕಿ. ಡಿಸ್ಚಾರ್ಜ್, ಅಂದರೆ ಸಾಲದಿಂದ ಕೋರ್ಟು ಕೊಡುವ ಬಿಡುಗಡೆ, ಆದರೂ ಅದು ಕಳಚುವುದಿಲ್ಲ. ಬಟ್ಟೆ ವ್ಯಾಪಾರಿ, ಕೈಗಡ, ಆ್ಯಪ್ ಸಾಲ ಸೇರಿದ 9,50,000 ಮಾತ್ರ ಐಪಿಯ ಕೈಗೆ ಸಿಗುವ ಸಾಲ. ಅದರಲ್ಲೂ ಡೆನಿಮ್ ವ್ಯಾಪಾರಿಗೆ ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ ಆ ಕ್ರಿಮಿನಲ್ ಕೇಸು ತನ್ನ ದಾರಿಯಲ್ಲಿ ತಾನು ನಡೆಯುತ್ತದೆ. ಕೈಗಡಕ್ಕೆ ಭಾವಮೈದುನ ಜಾಮೀನು ನಿಂತಿದ್ದರೆ ಅವನ ತಲೆಯ ಮೇಲಿನ ಭಾರವೂ ಇಳಿಯುವುದಿಲ್ಲ. ನೀವು ಬಿಡುಗಡೆಯಾದ ಮೇಲೆ ಎಲ್ಲರೂ ಅವನ ಮನೆಗೇ ಹೋಗುತ್ತಾರೆ. ಸಂಬಂಧ ಕೆಡುವುದು ಹೀಗೆಯೇ. ಜಾಮೀನುದಾರನಿಗೆ ಮೊದಲೇ ಹೇಳಿ, ಅವನೂ ವಕೀಲರ ಹತ್ತಿರ ಕೂರುವ ಹಾಗೆ ಮಾಡಿ.

ಇನ್ನು ಈ ಒಂಬತ್ತೂವರೆ ಲಕ್ಷಕ್ಕೆ ಒಂದು ಹಳೆಯ ಅಳತೆಗೋಲಿದೆ. ಭದ್ರತೆಯಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿ ಇಲ್ಲದಿದ್ದರೆ ಕೋರ್ಟು ಪೂರ್ಣ ಬಿಡುಗಡೆ ಕೊಡುವಂತಿಲ್ಲ ಎಂದು 42ನೇ ಕಲಮು ಹೇಳುತ್ತದೆ. ಇಲ್ಲಿ ಅದು 4,75,000. ಘಟಕದವನ ಹತ್ತಿರ ಅಷ್ಟು ಇರಲಾರದು. ಆದರೆ ಅದೇ ಕಲಮಿನಲ್ಲಿ ಒಂದು ಬಾಗಿಲು ತೆರೆದಿದೆ: ಈ ಸ್ಥಿತಿ ತನ್ನ ತಪ್ಪಿನಿಂದ ಬಂದದ್ದಲ್ಲ ಎಂದು ತೋರಿಸಬಹುದು. ನಮ್ಮ ಕಡೆಯವರು ಈ ಬಾಗಿಲನ್ನು ಬಳಸಿಕೊಳ್ಳುವುದು ಕಡಿಮೆ, ಕಾರಣ ಕಾಗದವಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕಂತಿನ ಮೇಲೆ ಲಾರಿ ತೆಗೆದಿದ್ದವರ ಪಾಡು ಅವರ ತಪ್ಪಿನಿಂದ ಆದದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ನೀರು ಹೊರಗೆ ಹೋದದ್ದು ಭತ್ತದ ರೈತನ ತಪ್ಪಲ್ಲ. ಬೆಳೆ ಹೋದದ್ದಕ್ಕೆ ಕಂದಾಯ ಇಲಾಖೆಯ ಪರಿಹಾರ ಪಟ್ಟಿ, ಬೆಳೆ ವಿಮೆಯ ಕಾಗದ, ಮೆಣಸಿನಕಾಯಿಯ ಧಾರಣೆ ಬಿದ್ದದ್ದಕ್ಕೆ ಎಪಿಎಂಸಿಯ ಬಿಲ್ಲು, ಕಾಯಿಲೆಗೆ ಆಸ್ಪತ್ರೆಯ ಬಿಲ್ಲು ಇದ್ದರೆ ಈ ವಾದ ನಿಲ್ಲುತ್ತದೆ. ಬಾಯಿಮಾತಿಗೆ ನಿಲ್ಲದು.

ಅದೇ ಕಲಮು ಇನ್ನೂ ಕೆಲವನ್ನು ನೋಡುತ್ತದೆ. ವ್ಯಾಪಾರಸ್ಥನಾಗಿದ್ದರೆ ಹಿಂದಿನ ಮೂರು ವರ್ಷದ ಲೆಕ್ಕಪುಸ್ತಕ ಇದೆಯೇ, ಮುಳುಗಿದ್ದು ಗೊತ್ತಾದ ಮೇಲೂ ಉದ್ದರಿ ಎತ್ತುತ್ತಲೇ ಹೋದನೇ, ಜೂಜಾಡಿದನೇ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬೆಟ್ಟಿಂಗ್ ಆ್ಯಪಿಗೆ ಯುಪಿಐ ಮೂಲಕ ಹೋದ ಮೊತ್ತಗಳು ಸಾಲಾಗಿ ಕಾಣುತ್ತವೆ. ಮಟ್ಕಾ ಚೀಟಿಯ ಕಾಲದಲ್ಲಿ ಸಿಗದಿದ್ದ ಸಾಕ್ಷಿ ಈಗ ಸಾಲಗಾರನ ಫೋನಿನಲ್ಲೇ ಇರುತ್ತದೆ.

ಆದೇಶ ಆದ ಮೇಲೆ

ಅರ್ಜಿ ಸ್ವೀಕಾರವಾಗಿ, ನೋಟಿಸು ಹೋಗಿ, ವಿಚಾರಣೆ ಮುಗಿದು ಕೋರ್ಟು ‘ದಿವಾಳಿ’ ಎಂದು ಆದೇಶ ಮಾಡಿದ ದಿನ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನಿಮ್ಮ ಆಸ್ತಿ ಕೋರ್ಟಿಗೆ ಅಥವಾ ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ರಿಸೀವರಿಗೆ ಸೇರುತ್ತದೆ. ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಆ ಸಾಲಕ್ಕೆ ನಿಮ್ಮ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಆದೇಶ ಅರ್ಜಿ ಹಾಕಿದ ದಿನದಿಂದಲೇ ಅನ್ವಯವಾದಂತೆ ಲೆಕ್ಕ. ಅರೆಸ್ಟ್ ಆಗದಂತೆ ರಕ್ಷಣೆ ಬೇಕಿದ್ದರೆ 31ನೇ ಕಲಮಿನಡಿ ಬೇರೆ ಅರ್ಜಿ ಕೊಡಬೇಕು, ಅದು ತಾನಾಗಿ ಬರುವುದಿಲ್ಲ. ಆಗಲೇ ಅರೆಸ್ಟ್ ಆಗಿದ್ದರೆ 23ನೇ ಕಲಮಿನಡಿ ಬಿಡುಗಡೆ ಕೇಳಬಹುದು. ಜಪ್ತಿಯ ಕೇಸು ಬೇರೆ ಕೋರ್ಟಿನಲ್ಲಿ ನಡೆಯುತ್ತಿದ್ದರೆ ಐಪಿ ಸ್ವೀಕಾರವಾದ ಆದೇಶದ ನಕಲನ್ನು ಅಲ್ಲಿಗೆ ಒಯ್ದು ಕೊಡಬೇಕು. ಒಂದು ಕೋರ್ಟಿನ ಸುದ್ದಿ ಇನ್ನೊಂದಕ್ಕೆ ಹೇಗೋ ಮುಟ್ಟುತ್ತದೆ ಎಂದು ಕೂತರೆ ಹರಾಜು ನಡೆದೇ ಹೋಗುತ್ತದೆ.

ಐಪಿ ಹಾಕುವ ಮುಂಚೆ ಹೊಲವನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಸುವ ಚಾಳಿ ನಮ್ಮ ಭಾಗದಲ್ಲಿ ಹಳೆಯದು. ಮದುವೆಯ ನಿಮಿತ್ತವಲ್ಲದ, ಸರಿಯಾದ ಬೆಲೆ ಪಡೆದು ಪ್ರಾಮಾಣಿಕವಾಗಿ ಮಾಡದ ವರ್ಗಾವಣೆ ಹಿಂದಿನ ಎರಡು ವರ್ಷದೊಳಗಿನದಾಗಿದ್ದರೆ ರಿಸೀವರ್ ಅದನ್ನು ರದ್ದು ಮಾಡಿಸಬಹುದು. ಒಬ್ಬ ಸಾಹುಕಾರನಿಗೆ ಮಾತ್ರ ಗುಟ್ಟಾಗಿ ತೀರಿಸಿ ಉಳಿದವರಿಗೆ ಕೈ ತೋರಿಸಿದ್ದರೆ, ಅದು ಅರ್ಜಿಗೆ ಹಿಂದಿನ ಮೂರು ತಿಂಗಳೊಳಗಿನದಾಗಿದ್ದರೆ, ಅದೂ ಬೀಳುತ್ತದೆ. ಇಸಿಯಲ್ಲಿ ದಿನಾಂಕ ಸಮೇತ ಕಾಣುವುದನ್ನು ಮುಚ್ಚಿಡುವ ಪ್ರಯತ್ನದಿಂದ ಹೊಲವೂ ಉಳಿಯುವುದಿಲ್ಲ, ಡಿಸ್ಚಾರ್ಜೂ ಸಿಗುವುದಿಲ್ಲ.

ದಿವಾಳಿ ಆದೇಶಕ್ಕೂ ಡಿಸ್ಚಾರ್ಜಿಗೂ ನಡುವಿನ ಕಾಲ ಸುಲಭದ್ದಲ್ಲ. ಈ ಅವಧಿಯಲ್ಲಿ ತಂದೆಯ ಆಸ್ತಿಯಲ್ಲಿ ಪಾಲು ಬಂದರೂ ಅದು ರಿಸೀವರಿಗೆ. ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಎತ್ತಿದರೆ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ. ಕಿರಾಣಿ ಅಂಗಡಿಯ ಉದ್ದರಿಯೂ ಇದರೊಳಗೆ ಬರುತ್ತದೆ ಎಂಬುದು ನೆನಪಿರಲಿ. ಗ್ರಾಮ ಪಂಚಾಯಿತಿಗೆ ನಿಲ್ಲುವ ಆಸೆಯಿದ್ದವರು ಡಿಸ್ಚಾರ್ಜ್ ಆಗುವವರೆಗೆ ಅದನ್ನು ಬದಿಗಿಡಬೇಕು.

ಈ ಸೇವೆ ಸೋಲುವುದು ಇಲ್ಲಿ. ದಿವಾಳಿ ಆದೇಶ ಮಾಡುವಾಗಲೇ ಕೋರ್ಟು ಇಂತಿಷ್ಟು ಅವಧಿಯೊಳಗೆ ಡಿಸ್ಚಾರ್ಜಿಗೆ ಅರ್ಜಿ ಹಾಕು ಎಂದು ಹೇಳುತ್ತದೆ. ಆದೇಶ ಸಿಕ್ಕ ಕೂಡಲೇ ವಸೂಲಿಯವರ ಕಾಟ ನಿಲ್ಲುತ್ತದೆ, ಸಾಲಗಾರ ಹೊಟ್ಟೆಪಾಡಿಗೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತಾನೆ, ವಕೀಲರ ಫೋನ್ ನಂಬರ್ ಬದಲಾಗುತ್ತದೆ, ಗಡುವು ದಾಟುತ್ತದೆ. ಗಡುವು ಮೀರಿದರೆ, ಅಥವಾ ಡಿಸ್ಚಾರ್ಜಿನ ವಿಚಾರಣೆಗೆ ಬಾರದಿದ್ದರೆ, ಆದೇಶ ರದ್ದಾಗಬಹುದು. ರದ್ದಾದರೆ ಎಲ್ಲ ಸಾಲವೂ ಮತ್ತೆ ತಲೆಯ ಮೇಲೆ. ಅಷ್ಟು ವರ್ಷ ಕಳೆದಿದೆ, ಮಿಯಾದು, ಅಂದರೆ ದಾವೆ ಹೂಡಲು ಇರುವ ಕಾಲಮಿತಿ, ಮುಗಿದಿರುತ್ತದೆ ಎಂದುಕೊಳ್ಳಬೇಡಿ; ದಿವಾಳಿ ಆದೇಶದಿಂದ ರದ್ದಾದ ದಿನದವರೆಗಿನ ಕಾಲವನ್ನು ಮಿಯಾದಿನ ಲೆಕ್ಕದಿಂದ ತೆಗೆಯಬೇಕೆಂದು 78ನೇ ಕಲಮು ಹೇಳುತ್ತದೆ. ಮೇಲಿಂದ, ರದ್ದು ಮಾಡಿದ ಕೋರ್ಟಿನ ಅನುಮತಿ ಇಲ್ಲದೆ ಮತ್ತೆ ಐಪಿ ಹಾಕುವಂತೆಯೂ ಇಲ್ಲ. ಅಷ್ಟು ಕಷ್ಟಪಟ್ಟು ಪಡೆದ ಆದೇಶ ಒಂದು ತಾರೀಖು ತಪ್ಪಿದ್ದಕ್ಕೆ ಹೋಗುತ್ತದೆ.

ಹಾಗಾಗಿ ವಕೀಲರ ಜೊತೆ ಫೀ ಮಾತಾಡುವಾಗ ‘ಐಪಿ ಹಾಕಲು ಎಷ್ಟು’ ಎಂದು ಕೇಳುವ ಬದಲು ‘ಡಿಸ್ಚಾರ್ಜ್ ಆಗುವವರೆಗೆ ಎಷ್ಟು, ಅದರಲ್ಲಿ ಡಿಸ್ಚಾರ್ಜ್ ಅರ್ಜಿ ಸೇರಿದೆಯೇ’ ಎಂದು ಕೇಳಿ, ಬರೆಸಿಕೊಳ್ಳಿ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಪಡೆದು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿಟ್ಟುಕೊಂಡರೆ ಮುಂದಿನ ತಾರೀಖು ಪುಣೆಯಲ್ಲಿ ಕೂತವನಿಗೂ ಕಾಣುತ್ತದೆ. ಫೀ ಕೊಡಲಾಗದವರು ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಪೂರ್ಣ ಬಿಡುಗಡೆಯೊಂದೇ ಗುರಿಯಾಗಬೇಕಿಲ್ಲ. ಕೋರ್ಟು ಷರತ್ತಿನ ಮೇಲೆ, ಅಂದರೆ ಮುಂದಿನ ಗಳಿಕೆಯಿಂದ ಇಷ್ಟು ಕಟ್ಟಬೇಕೆಂದು, ಅಥವಾ ಇಷ್ಟು ಕಾಲದ ನಂತರ ಜಾರಿಗೆ ಬರುವಂತೆ ಡಿಸ್ಚಾರ್ಜ್ ಕೊಡಬಹುದು. ಇನ್ನೊಂದು ದಾರಿ ರಾಜಿ. ಕೋರ್ಟಿನಲ್ಲಿ ಸಾಲ ರುಜುವಾತು ಮಾಡಿದವರಲ್ಲಿ ತಲೆ ಲೆಕ್ಕದಲ್ಲಿ ಬಹುಮತ, ಮೊತ್ತದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ, ಕೋರ್ಟೂ ಒಪ್ಪಿದರೆ, ಒಪ್ಪದ ಒಬ್ಬಿಬ್ಬರೂ ಅದಕ್ಕೆ ಬದ್ಧರು. ನಮ್ಮ ಲೆಕ್ಕದಲ್ಲಿ ಪೂರ್ಣ ಬಿಡುಗಡೆಗೆ ಅಡ್ಡಿಯಿರುವ ಸಂಗತಿ ರುಜುವಾತಾಗಿದ್ದರೆ ರಾಜಿಯಲ್ಲಿ ರೂಪಾಯಿಗೆ ಕನಿಷ್ಠ ಆರಾಣೆಗೆ ಭದ್ರತೆ ತೋರಿಸಬೇಕು, ಅಂದರೆ 9,50,000ಕ್ಕೆ 3,56,250. ಡೆನಿಮ್ ವ್ಯಾಪಾರಿಯೊಬ್ಬನದೇ 3,80,000, ಅಂದರೆ ಮೊತ್ತದಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು. ಅವನು ಒಪ್ಪದಿದ್ದರೆ ಉಳಿದವರೆಲ್ಲ ಒಪ್ಪಿದರೂ ರಾಜಿ ಆಗದು. ಮೊದಲು ಅವನ ಅಂಗಡಿಗೆ ಹೋಗಬೇಕು, ಕೈಗಡ ಕೊಟ್ಟವರ ಹತ್ತಿರ ಆಮೇಲೆ.

ಐಪಿಗಿಂತ ಮುಂಚೆ ನೋಡಬೇಕಾದವು

ಸಾಲದಲ್ಲಿ ಹೆಚ್ಚಿನ ಪಾಲು ಒಂದೇ ಬ್ಯಾಂಕಿನದಾಗಿದ್ದರೆ ಐಪಿ ಬೇಡ, ಒಟಿಎಸ್ (ಒಂದೇ ಸಲಕ್ಕೆ ಸಾಲ ಇತ್ಯರ್ಥ) ಕೇಳಿ. ಬಾಯಿಮಾತಿನ ಒಟಿಎಸ್ ನಂಬಬೇಡಿ. ಸಾಲದ ಖಾತೆ ನಂಬರ್, ಮೊತ್ತ, ಕೊನೆಯ ದಿನಾಂಕ ಇರುವ ಮಂಜೂರಾತಿ ಪತ್ರ ಬರಲಿ, ರೊಕ್ಕ ಸಾಲದ ಖಾತೆಗೇ ಹೋಗಲಿ. ಕಟ್ಟಿ ಮುಗಿದ 30 ದಿನದೊಳಗೆ ಆಸ್ತಿಯ ಮೂಲ ಕಾಗದ ವಾಪಸ್ಸು ಬರಬೇಕು. ಬ್ಯಾಂಕಿನ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ. ಅದು ಬೇಸರದ ಸಂಗತಿಯೇ, ಆದರೂ ಐಪಿಯ ಓಡಾಟಕ್ಕಿಂತ ಮೇಲು. ಐದಕ್ಕೆ ನಾಲ್ಕು.

ಲೋಕ ಅದಾಲತ್ ಇನ್ನೂ ಸರಳ. ಕಟ್ಟಿದ ಕೋರ್ಟ್ ಫೀ ವಾಪಸ್ಸು ಬರುತ್ತದೆ, ಅಲ್ಲಿನ ತೀರ್ಪಿಗೆ ಅಪೀಲು ಇಲ್ಲ. ಅಪೀಲು ಇಲ್ಲದಿರುವುದರಿಂದಲೇ, ಕಟ್ಟಲಾಗದ ಕಂತಿಗೆ ಸಭೆಯ ಹುಮ್ಮಸ್ಸಿನಲ್ಲಿ ಸಹಿ ಹಾಕಬಾರದು. ಚೆಕ್ ಬೌನ್ಸ್ ಕೇಸಿಗೂ ಸರಿಯಾದ ಜಾಗ ಇದು.

ಮೈಕ್ರೋಫೈನಾನ್ಸ್ ಕಾಟಕ್ಕೆ ಐಪಿ ಹಾಕುವುದು ಗುಬ್ಬಿಗೆ ಫಿರಂಗಿ ಹಿಡಿದಂತೆ. ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ; ಬೇರೆ ಸಾಲಗಳಿಗೆ ಈ ಹೊತ್ತು ಬೆಳಗ್ಗೆ 8ರಿಂದ ಸಂಜೆ 7. ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನ ಕಾದು, ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ ಓಂಬುಡ್ಸ್‌ಮನ್‌ಗೆ ಬರೆಯಿರಿ, ಫೋನ್ 14448. ನೋಂದಣಿಯಿಲ್ಲದ ಲೇವಾದೇವಿಗಾರನಾಗಿದ್ದರೆ ಕರ್ನಾಟಕದ 2025ರ ಕಿರುಸಾಲ ಕಾನೂನು ಕೈಗೆ ಬರುತ್ತದೆ. ದುರ್ಬಲ ವರ್ಗದವರಿಗೆ ನೋಂದಣಿಯಿಲ್ಲದೆ ಕೊಟ್ಟ ಸಾಲ ತೀರಿದಂತೆ ಲೆಕ್ಕ, ಕಿರುಕುಳಕ್ಕೆ ಜೈಲು. ಮೀಟರ್ ಬಡ್ಡಿಯವರ ವಿರುದ್ಧ 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆಯೂ ಇದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯವಹಾರ’ ಎಂದು ವಾಪಸ್ಸು ಕಳಿಸಿದರೆ ಕಾಯ್ದೆಯ ಹೆಸರು, ವರ್ಷ ಬರೆದ ಲಿಖಿತ ದೂರನ್ನು ಎಸ್‌ಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೊನೆಯದು, ಫೋನಿನಲ್ಲಿ ಜಾಹೀರಾತು ಕೊಡುವ ‘ಸಾಲ ಸೆಟಲ್‌ಮೆಂಟ್’ ಏಜೆನ್ಸಿಗಳು. ತಿಂಗಳ ಫೀ ತಮಗೆ ಕಟ್ಟಿ, ಕಂತು ನಿಲ್ಲಿಸಿ ಎನ್ನುತ್ತಾರೆ. ಕಂತು ನಿಂತ 90 ದಿನಕ್ಕೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಬಡ್ಡಿ ಬೆಳೆಯುತ್ತದೆ, ನೋಟಿಸು ಬರುವುದು ನಿಮ್ಮ ಮನೆಗೆ, ಅವರ ಕಚೇರಿಗಲ್ಲ. ಬ್ಯಾಂಕಿನ ಜೊತೆ ಅವರು ಆಡುವ ಮಾತನ್ನು ನೀವೇ ಒಂದು ಪತ್ರದಲ್ಲಿ ಆಡಬಹುದು. ಐದಕ್ಕೆ ಅರ್ಧ ಅಂಕವೂ ಹೆಚ್ಚು.

ಐಪಿಯೇ ಸರಿ ಎಂದು ತೀರ್ಮಾನಿಸಿ, ಡಿಸ್ಚಾರ್ಜ್ ಆದೇಶವೂ ಕೈಗೆ ಬಂದರೆ ಅದರ ದೃಢೀಕೃತ ನಕಲು ಎಂಟು-ಹತ್ತು ತೆಗೆಸಿಟ್ಟುಕೊಳ್ಳಿ. ಪಟ್ಟಿಯಲ್ಲಿದ್ದ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಒಂದೊಂದು ಸ್ಪೀಡ್ ಪೋಸ್ಟಿನಲ್ಲಿ, ನಾಲ್ಕೂ ಕ್ರೆಡಿಟ್ ವರದಿ ಸಂಸ್ಥೆಗಳಿಗೆ ತಿದ್ದುಪಡಿ ಕೋರಿಕೆಯ ಜೊತೆ ಒಂದೊಂದು, ಜಾರಿ ಕೇಸು ಬಾಕಿಯಿರುವ ಕೋರ್ಟಿಗೆ ವಕೀಲರ ಮೂಲಕ ಒಂದು. ಜಿಲ್ಲಾ ಕೋರ್ಟಿನ ಆದೇಶದ ಮೇಲೆ ಯಾರಾದರೂ ಅಪೀಲು ಹೋದರೆ ಬಳ್ಳಾರಿ, ಕೊಪ್ಪಳದ್ದು ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿ ಪೀಠಕ್ಕೆ ಹೋಗುತ್ತದೆ. ಮೂಲ ಕಡತದ ಪೂರ್ತಿ ನಕಲು ಆಗ ಬೇಕಾಗುತ್ತದೆ, ಅದನ್ನೂ ಈಗಲೇ ತೆಗೆಸಿಡಿ.